ಬಾಯ್ಲರಿನ ಬೆಂಕಿ, ಶರಾವತಿಯ ಕಾಡು

ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ನೆಲ ಕಾಣುತ್ತದೆ. ಪ್ರವಾಸಿಗರಿಗೆ ಅದೊಂದು ಛಾಯಾಚಿತ್ರದ ವಸ್ತು. ಗೊರೂರು ಅಣೆಕಟ್ಟಿಗಾಗಿ ಊರು ಬಿಟ್ಟವರಿಗೆ ಹಾಗಲ್ಲ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಪ್ರಸ್ತಾಪಿಸಲಾದ 2000 ಮೆಗಾವಾಟ್‌ಗಳ ಪಂಪ್ಡ್ ಸ್ಟೋರೇಜ್ ಯೋಜನೆಯ ಸುದ್ದಿ ಓದುವಾಗಲೆಲ್ಲ ಆ ಗೋಡೆಗಳು ನೆನಪಾಗುತ್ತವೆ. ಅಲ್ಲಿ ಹೊಸದೊಂದು ಊರು ಮುಳುಗುವುದಿಲ್ಲವೆಂಬುದು ನಿಜ. ತಲಕಳಲೆ, ಗೇರುಸೊಪ್ಪೆ ಜಲಾಶಯಗಳು ಈಗಾಗಲೇ ಇವೆ. ಬಲಿಯಾಗುವುದು ಸುರಂಗ ಮತ್ತು ರಸ್ತೆಗಳಿಗೆ ಬೇಕಾದ ಕಾಡು.

ಹಗಲಿನಲ್ಲಿ ಪಾವಗಡದಂತಹ ಕಡೆ ಸೌರವಿದ್ಯುತ್ ಹೇರಳ. ಸಂಜೆ ಅದು ಇಲ್ಲವಾಗುತ್ತದೆ, ಬೇಡಿಕೆಯೋ ಏರುತ್ತದೆ. ಈ ಅಂತರವನ್ನು ತುಂಬಲು ಶರಾವತಿಯೇ ಬೇಕೆಂಬುದು ವಾದ. ನಮ್ಮಲ್ಲಿರುವ ಕಲ್ಲಿದ್ದಲ ಘಟಕಗಳು ಎಷ್ಟು ಬೇಗ ಏಳಬಲ್ಲವು, ಎಷ್ಟು ತಗ್ಗಬಲ್ಲವು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ.

ತಣ್ಣಗಾದ ಘಟಕವನ್ನು ಎಬ್ಬಿಸುವುದು ಸ್ವಿಚ್ಚು ಒತ್ತಿದಂತಲ್ಲ. ದಪ್ಪ ಗಾಜಿನ ಲೋಟಕ್ಕೆ ಕುದಿನೀರು ಸುರಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ತಣ್ಣಗೇ ಉಳಿಯುತ್ತದೆ, ಲೋಟ ಸೀಳುತ್ತದೆ. ಬಾಯ್ಲರಿನ ಉಗಿ ಡ್ರಮ್ಮಿಗೂ ಟರ್ಬೈನಿನ ದಂಡಕ್ಕೂ ಇದೇ ಭಯ. ಆದ್ದರಿಂದ ಮೊದಲು ಎಣ್ಣೆ ಉರಿಸಿ, ಗಂಟೆಗಟ್ಟಲೆ ಮೆಲ್ಲಗೆ ಕಾಯಿಸುತ್ತಾರೆ. ಎಣ್ಣೆ ಉರಿಯುವ ಆ ಹೊತ್ತಿನಲ್ಲಿ ಬೂದಿ ಹಿಡಿಯುವ ವಿದ್ಯುತ್ ಶೋಧಕಗಳು ಪೂರ್ಣ ಕೆಲಸ ಮಾಡುವುದಿಲ್ಲ. ಹೊಗೆ ಸುತ್ತಲಿನ ಹಳ್ಳಿಗಳ ಪಾಲು.

ಇಲ್ಲಿ ಮುನ್ನಂದಾಜು ನಿಯಂತ್ರಣ ಎಂಬ ವಿಧಾನ ಉಪಯುಕ್ತ. ಗಣಕಯಂತ್ರವು ಘಟಕದ ಗಣಿತೀಯ ಮಾದರಿಯೊಂದನ್ನು ಇಟ್ಟುಕೊಂಡು, ಈಗ ಇಷ್ಟು ಬೆಂಕಿ ಹಾಕಿದರೆ ಮುಂದೆ ಲೋಹದ ಒತ್ತಡ ಎಷ್ಟಾದೀತೆಂದು ಲೆಕ್ಕ ಹಾಕುತ್ತದೆ. ಮಿತಿ ಮೀರದಂತೆ ಅತಿ ಶೀಘ್ರದ ದಾರಿಯನ್ನು ಆರಿಸಿ ಮೊದಲ ಹೆಜ್ಜೆಯನ್ನಷ್ಟೇ ಇಡುತ್ತದೆ. ಮರಳಿ ಅಳೆದು ಹೊಸದಾಗಿ ಲೆಕ್ಕ ಹಾಕುತ್ತದೆ. ಹೂಮಳೆಗೆ ಕಾಯುವ ಕಾಫಿ ಬೆಳೆಗಾರನೂ ಇದನ್ನೇ ಮಾಡುತ್ತಾನೆ. ಆಕಾಶ, ಮಣ್ಣಿನ ತೇವ ನೋಡಿ ಇಂದಿಗೆ ಒಂದು ಸ್ಪ್ರಿಂಕ್ಲರ್ ಸುತ್ತು, ನಾಳೆ ಮತ್ತೆ ಯೋಚನೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು ಕಲ್ಲಿದ್ದಲ ಘಟಕಗಳು ಹಂತಹಂತವಾಗಿ ಶೇ. 40ರ ಕನಿಷ್ಠ ಹೊರೆಗೆ ಇಳಿಯಬಲ್ಲವಾಗಬೇಕೆನ್ನುತ್ತವೆ. ಹೀಗೆ ಇಳಿದು ಏರಬಲ್ಲ ಘಟಕ ಹಗಲಿನ ಸೌರವಿದ್ಯುತ್ತಿಗೆ ಜಾಗ ಬಿಡುತ್ತದೆ. ಆದರೆ ರಾಯಚೂರಿನ ಸ್ಥಾವರ ಶುರುವಾದದ್ದು 1985ರಲ್ಲಿ. ಮುದಿ ಲೋಹಕ್ಕೆ ಹೊಸ ಘಟಕದ ಮಾದರಿ ಒಪ್ಪದು, ಪ್ರತಿ ಪ್ರಾರಂಭವೂ ಆಯುಷ್ಯವನ್ನು ತಿನ್ನುತ್ತದೆ. ಕಲ್ಲಿದ್ದಲು ವಿದ್ಯುತ್ತನ್ನು ಶೇಖರಿಸುವುದೂ ಇಲ್ಲ, ಆ ಕೆಲಸಕ್ಕೆ ಬೇರೆ ಉಪಾಯ ಬೇಕೇ ಬೇಕು. ನಾನು ಕಲ್ಲಿದ್ದಲ ಪಕ್ಷಪಾತಿಯಲ್ಲ. ಇರುವ ಬೆಂಕಿಯನ್ನು ಒಡ್ಡೊಡ್ಡಾಗಿ ಉರಿಸುತ್ತಾ ಕಾಡು ಕೇಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಕರ್ನಾಟಕ ವಿದ್ಯುತ್ ನಿಗಮವು ರಾಯಚೂರು, ಬಳ್ಳಾರಿ, ಯರಮರಸ್ ಘಟಕಗಳನ್ನು ವರ್ಷಕ್ಕೆ ಎಷ್ಟು ಸಲ ಎಬ್ಬಿಸಿತು, ಪ್ರತಿ ಸಲ ಎಷ್ಟು ಎಣ್ಣೆ, ಎಷ್ಟು ಗಂಟೆ ತಗುಲಿತು, ಕನಿಷ್ಠ ಹೊರೆ ಎಲ್ಲಿಗೆ ಇಳಿಯಿತು ಎಂಬ ಲೆಕ್ಕವನ್ನು ಘಟಕವಾರು, ಕನ್ನಡದಲ್ಲಿ, ಶರಾವತಿಯ ಹಳ್ಳಿಗಳ ಮುಂದಿಡಲಿ. ಅದಕ್ಕೂ ಮೊದಲು ಒಂದು ಮರಕ್ಕೂ ಗುರುತು ಹಾಕಬಾರದು.