ಶಿಖರವನ್ನು ಏರಿದವರು ಯಾರು?

ಲೋಕದ ಅತ್ಯುನ್ನತ ಶಿಖರವನ್ನು ಮೊದಲು ಏರಿದವರು ಯಾರೆಂದು ಕೇಳಿದರೆ ನಮ್ಮ ಬಾಲಕರು ‘ಹಿಲರಿ’ ಎನ್ನುತ್ತಾರೆ. ತುಸು ಹೆಚ್ಚು ಓದಿದವರು ತೇನ್‌ಸಿಂಗ್ ನೋರ್ಗೆಯ ಹೆಸರನ್ನೂ ಸೇರಿಸುತ್ತಾರೆ. ಇಬ್ಬರಲ್ಲಿ ಯಾರ ಪಾದವು ಮುಂದಾಯಿತೆಂದು ವಾದಿಸುವ ಪಂಡಿತರೂ ಉಂಟು. ಈ ವಾದವೆಲ್ಲವೂ ಬುಡದಲ್ಲಿಯೇ ದೋಷಯುಕ್ತವೆಂಬುದು ನನ್ನ ಅಭಿಪ್ರಾಯ.

ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ, ಕ್ರಿಯೆಗೆ ಸಾಧನವಾದುದು ಕರಣ ಎಂದು ವ್ಯಾಕರಣಶಾಸ್ತ್ರವು ಹೇಳುತ್ತದೆ. ಕೊಡಲಿಯಿಂದ ಮರವನ್ನು ಕಡಿದನು ಎಂಬಲ್ಲಿ ಕೊಡಲಿಯು ಕರಣ. ಕೊಡಲಿಗೆ ಪ್ರಾಣಭಯವಿಲ್ಲ, ಮನೆಯಲ್ಲಿ ದಾರಿ ನೋಡುವ ಮಕ್ಕಳಿಲ್ಲ. ಆದುದರಿಂದ ಅದಕ್ಕೆ ಅನ್ಯಾಯವಾಗದು. ಪರ್ವತಾರೋಹಣದ ಚರಿತ್ರೆಯಾದರೋ ಮನುಷ್ಯರನ್ನೇ ಕೊಡಲಿಯ ಸ್ಥಾನದಲ್ಲಿ ನಿಲ್ಲಿಸಿದೆ.

೧೯೫೩ನೆಯ ಇಸವಿಯ ಮೇ ೨೯ರಂದು ಆ ಇಬ್ಬರು ಶಿಖರವನ್ನು ಮುಟ್ಟಿದುದು ಸತ್ಯ. ಆದರೆ ಆ ಯಾತ್ರೆಯ ಸಾಮಗ್ರಿಯನ್ನು ಹೊತ್ತವರು ೩೫೦ಕ್ಕೂ ಮಿಕ್ಕ ಹೊರೆಯಾಳುಗಳು. ಹಿಂದಿನ ದಿನ ೨೭,೯೦೦ ಅಡಿಗಳ ಎತ್ತರದ ಕೊನೆಯ ಬಿಡಾರಕ್ಕೆ ಹೊರೆಯನ್ನು ಮುಟ್ಟಿಸಿ ಕೆಳಗಿಳಿದವರಲ್ಲಿ ಆಂಗ್ ನ್ಯಿಮಾ ಎಂಬ ಶೆರ್ಪನೂ ಒಬ್ಬನು. ಅವನ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ೧೯೨೨ರ ಜೂನ್ ೭ರಂದು ಇದೇ ಪರ್ವತದಲ್ಲಿ ಹಿಮವು ಕುಸಿದು ಏಳು ಮಂದಿ ಹೊರೆಯಾಳುಗಳು ಮಡಿದರು. ಆ ಯಾತ್ರೆಯೆಂದರೆ ಲೋಕಕ್ಕೆ ನೆನಪಾಗುವುದು ಮ್ಯಾಲರಿಯೊಬ್ಬನೇ. ೧೯೫೩ರಲ್ಲಿಯೂ ಹಂಟ್ ಮತ್ತು ಹಿಲರಿಯವರಿಗೆ ‘ಸರ್’ ಪದವಿ ದೊರೆಯಿತು; ಜೊತೆಯಲ್ಲಿಯೇ ಶಿಖರವನ್ನು ಮುಟ್ಟಿದ ತೇನ್‌ಸಿಂಗನಿಗೆ ಜಾರ್ಜ್ ಪದಕ ಮಾತ್ರ.

ಪರ್ವತದ ಹೆಸರಿನ ಕಥೆಯೂ ಇಂಥದೇ. ೧೮೦೨ರಲ್ಲಿ ಮದರಾಸಿನಲ್ಲಿ ಮೊದಲಾಗಿ, ನಮ್ಮ ಬೀದರಿನ ಮೂಲಕ ಉತ್ತರಕ್ಕೆ ಸಾಗಿದ ಮಹಾ ಭೂಮಾಪನದಿಂದ ಅದರ ಎತ್ತರವು ತಿಳಿದುಬಂದಿತು. ಆ ಇಲಾಖೆಯ ಮುಖ್ಯ ಗಣಕರು ವಂಗದೇಶದ ರಾಧಾನಾಥ ಸಿಕದಾರರು. ಹೆಸರಾದರೋ ಎವರೆಸ್ಟ್ ಸಾಹೇಬನದು! ಈ ದೇಶದ ಜನರು ಅದನ್ನು ಉಚ್ಚರಿಸಲಾರರೆಂದು ಸ್ವತಃ ಎವರೆಸ್ಟನೇ ಆಕ್ಷೇಪಿಸಿದ್ದರೂ ೧೮೬೫ರಲ್ಲಿ ಆ ಹೆಸರೇ ಸ್ಥಿರವಾಯಿತು. ಟಿಬೆಟಿನವರು ಕರೆಯುತ್ತಿದ್ದ ಚೋಮೊಲುಂಗ್ಮಾ ಎಂಬ ಹೆಸರು ಮೂಲೆಗೆ ಬಿದ್ದಿತು.

ಇಲ್ಲಿ ಪೂರ್ವಪಕ್ಷವೊಂದುಂಟು: ‘ಹೊರೆಯಾಳುಗಳು ಕೂಲಿಗಾಗಿ ಬಂದವರು; ಸಾಹಸದ ಸಂಕಲ್ಪವು ನಾಯಕರದು. ಆದುದರಿಂದ ಕೀರ್ತಿಯೂ ಅವರದೇ.’ ಸಂಕಲ್ಪಕ್ಕೆ ಗೌರವವು ಸಲ್ಲಲಿ, ನನ್ನ ಅಡ್ಡಿಯಿಲ್ಲ. ಆದರೆ ಹಿಮದ ಬಿರುಕು ಕೂಲಿಯವನನ್ನೂ ನಾಯಕನನ್ನೂ ಬೇರೆಯಾಗಿ ನೋಡುವುದಿಲ್ಲ. ಅಪಾಯದಲ್ಲಿ ಸಮಭಾಗ, ಕೀರ್ತಿಯಲ್ಲಿ ಶೂನ್ಯ ಎಂಬುದು ಯಾವ ನ್ಯಾಯ?

ಹಿಮಾಲಯದ ಮಾತು ಸಿಂಧನೂರು, ಲಿಂಗಸುಗೂರುಗಳವರಿಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಮಸ್ಕಿಯ ದುರ್ಗದ ಗುಡ್ಡವನ್ನು ನೋಡಿರಿ. ಅಲ್ಲಿಯ ಅಶೋಕನ ಶಾಸನವನ್ನು ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವರು ಕಂಡುಹಿಡಿದರೆಂದು ಬರೆಯುತ್ತೇವೆ. ವಿದ್ವಾಂಸರ ದೃಷ್ಟಿಗೆ ಅದನ್ನು ತಂದ ಪುಣ್ಯವು ಅವರದೆಂಬುದು ನಿಜ. ಅದನ್ನು ಓದಿ ಪ್ರಕಟಿಸಿದ ಶ್ರೇಯಸ್ಸು ಕೃಷ್ಣಶಾಸ್ತ್ರಿಗಳದು. ಆದರೆ ಗುಡ್ಡದ ಮಗ್ಗುಲಲ್ಲಿಯೇ ಊರಿರುವಾಗ, ಬಂಡೆಯನ್ನು ಮೊದಲು ಕಂಡ ಕಣ್ಣು ೧೯೧೫ರದೆಂದು ಹೇಗೆ ನಂಬುವುದು?

ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ನಾಮವು ವಿದ್ವಾಂಸರಿಗೆ ಮೊದಲು ದೊರೆತುದು ಈ ಶಾಸನದಲ್ಲಿ. ಅದರ ತಾತ್ಪರ್ಯವನ್ನು ಮಾತ್ರ ನಾವು ಮರೆತಿದ್ದೇವೆ. ಧರ್ಮದಲ್ಲಿ ನಿರತನಾದ ಸಾಮಾನ್ಯನೂ ಉನ್ನತ ಪದವನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು ಎಂಬುದೇ ಆ ಅರಸನ ಆದೇಶ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಗುಡ್ಡದ ಕಲ್ಲಿನಲ್ಲಿ ಕೆತ್ತಿಸಿದ ಈ ಮಾತನ್ನು ನಮ್ಮ ಪಾಠಶಾಲೆಗಳ ಕರಿಹಲಗೆಯ ಮೇಲೆ ಬರೆಯಲು ಇನ್ನೂ ಸಂಕೋಚವೇ?

ಆದುದರಿಂದ ಉಪಾಧ್ಯಾಯರಲ್ಲಿಯೂ ತಾಯಿತಂದೆಗಳಲ್ಲಿಯೂ ನನ್ನ ಆಗ್ರಹವಿಷ್ಟೆ. ಶಿಖರವನ್ನು ಏರಿದವರಾರೆಂಬ ಪ್ರಶ್ನೆಗೆ ಮಕ್ಕಳು ಬಹುವಚನದಲ್ಲಿ ಉತ್ತರ ಹೇಳಲಿ; ಇಬ್ಬರ ಹೆಸರಿನೊಡನೆ ಆಂಗ್ ನ್ಯಿಮಾನ ಹೆಸರನ್ನೂ, ೧೯೨೨ರಲ್ಲಿ ಮಡಿದ ಏಳು ಮಂದಿಯನ್ನೂ ಸೇರಿಸಲಿ. ಉತ್ತರವು ಉದ್ದವಾದೀತು. ಸತ್ಯಕ್ಕಾಗಿ ಅಷ್ಟು ಮಸಿ ವೆಚ್ಚವಾದರೆ ನಷ್ಟವೇನೂ ಇಲ್ಲ.