ಆ ಕನ್ನಡಕವನ್ನು ಅವ್ವನ ಕಣ್ಣಿಗೂ ಕಟ್ಟಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರ ಬಾಯಲ್ಲಿ ಒಂದೇ ಮಾತು: "ಮಗಳನ್ನ ಮುಂದಕ್ಕೆ ಏನು ಓದಿಸ್ತೀಯವ್ವ?" ಮೊದಲೆಲ್ಲ ಇದಕ್ಕೆ ಮೇಷ್ಟ್ರು ದಾರಿ ಹೇಳುತ್ತಿದ್ದರು, ಇಲ್ಲವೇ ಬೆಂಗಳೂರಿನ ನೆಂಟರು. ಈಗ ಮಕ್ಕಳು ಮೊಬೈಲನ್ನೇ ಕೇಳುತ್ತಾರೆ. ಎಐ ಎನ್ನುವ ಕೃತಕ ಬುದ್ಧಿಮತ್ತೆ ಕನ್ನಡದಲ್ಲೇ ಉತ್ತರ ಕೊಡುತ್ತದೆ. ಇನ್ನು ವಿಆರ್ ಎನ್ನುವ ದಪ್ಪ ಕನ್ನಡಕ ಕಟ್ಟಿಕೊಂಡರೆ, ಕೆಲಸದ ಜಾಗದಲ್ಲಿ ನಾವೇ ನಿಂತಿದ್ದೇವೆ ಅನ್ನಿಸುವಂತೆ ಕಣ್ಣಮುಂದೆ ಎಲ್ಲವೂ ಕಾಣುತ್ತದೆ.

ಇವೆರಡೂ ನಮ್ಮ ಹಳ್ಳಿಗೆ ಬರಲಿ ಎನ್ನುವವಳು ನಾನು. ಆದರೆ ಮಕ್ಕಳಿಗೆ ಮಾತ್ರ ತೋರಿಸಿ ಹೋದರೆ ಸಾಲದು. ಹೆಣ್ಣುಮಕ್ಕಳ ಓದು ತೀರ್ಮಾನವಾಗುವುದು ಅಡುಗೆಮನೆಯಲ್ಲಿ. ಫೀಸು ಹೋಗುವುದು ನಮ್ಮ ಹಾಲಿನ ಬಟವಾಡೆಯಿಂದ.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ಮಗಳು ಸೋಲಾರ್ ಕೋರ್ಸ್ ಸೇರುತ್ತೇನೆ ಅಂದಾಗ ಬೇಡ ಅಂದವಳು ನಾನೇ. "ಹೆಣ್ಣುಮಗು ಯಾರದೋ ಮನೆ ಸೂರು ಹತ್ತೋದಾ? ಕರೆಂಟ್ ಹೊಡೆದ್ರೆ?" ಅಂದೆ. ಅವಳು ತಿರುಗಿ, "ನೀನು ಆ ಕೆಲಸ ನೋಡಿದ್ದೀಯೇನವ್ವ?" ಎಂದು ಕೇಳಿದಳು. ನಾನು ನೋಡಿರಲಿಲ್ಲ. ನೋಡದೇ ಇದ್ದದ್ದಕ್ಕೇ ಹೆದರಿದ್ದೆ. ಸೊಂಟಕ್ಕೆ ಬೆಲ್ಟ್ ಹೇಗೆ ಕಟ್ಟುತ್ತಾರೆ, ಕೈಗವಸು ಯಾಕೆ ಹಾಕುತ್ತಾರೆ, ಯಾವ ಸ್ವಿಚ್ ಮೊದಲು ಆರಿಸುತ್ತಾರೆ ಎಂಬುದನ್ನು ವಿಆರ್ ಕನ್ನಡಕ ತೋರಿಸಬಲ್ಲದು. ಅದರೊಳಗೆ ತಪ್ಪು ಮಾಡಿದರೆ ಪ್ರಾಣಕ್ಕೆ ಅಪಾಯವಿಲ್ಲ. ಹಾಗೆ ನೋಡಿದ ಮೇಲೆ ತಾಯಿ ಬೇಡ ಅಂದರೂ ಸರಿ, ಹೂಂ ಅಂದರೂ ಸರಿ, ಅದು ತಿಳಿದು ಆಡಿದ ಮಾತಾಗುತ್ತದೆ.

ಹಸಿರು ವಿದ್ಯುತ್ತು ನಮ್ಮ ಜಿಲ್ಲೆಗೆ ಹೊಸದಲ್ಲ. ನಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಮಾಡಿದ ಕರೆಂಟು 1902ರಲ್ಲೇ 140 ಕಿಲೋಮೀಟರಿಗೂ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ತಂತಿ ನಮ್ಮ ಜಿಲ್ಲೆಯಿಂದ ಹೊರಟಿತು, ಆದರೆ ಬೆಳಕು ಹಳ್ಳಿಗಳಿಗೆ ಬರಲು ಇನ್ನೂ ಎಷ್ಟೋ ಕಾಲ ಹಿಡಿಯಿತು. ಈಗಿನ ಸೋಲಾರ್ ಕೆಲಸವೂ ಹಾಗೆಯೇ ನಮ್ಮನ್ನು ದಾಟಿ ಹೋಗಬಾರದು.

ಪಾವಗಡವನ್ನು ನೋಡಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಜಮೀನು ಗುತ್ತಿಗೆಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಆದರೆ ಊರಿನವರಿಗೆ ಹೆಚ್ಚಾಗಿ ಸಿಕ್ಕಿದ್ದು ಪ್ಯಾನೆಲ್ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ. ಪ್ಯಾನೆಲ್ ತೊಳೆಯುವವಳಿಗೂ ಅದನ್ನು ರಿಪೇರಿ ಮಾಡುವವಳಿಗೂ ಇರುವ ಅಂತರ ಒಂದೆರಡು ವರ್ಷದ ಸರಿಯಾದ ತರಬೇತಿ, ಅಷ್ಟೆ. ಆ ತರಬೇತಿ ಎಲ್ಲಿದೆ ಎಂದು ಸರಿಯಾದ ವಯಸ್ಸಿನಲ್ಲಿ ಹೇಳುವವರು ಬೇಕು.

ದಾರಿಗಳಂತೂ ಇವೆ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಎರಡು ವರ್ಷದ್ದು, ಸೋಲಾರ್ ಟೆಕ್ನೀಷಿಯನ್ ಒಂದು ವರ್ಷದ್ದು. ಐಟಿಐ ಮುಗಿಸಿದವರಿಗೆ ಉಚಿತವಾಗಿ ಸೋಲಾರ್ ತರಬೇತಿ ಕೊಡುವ ಸೂರ್ಯಮಿತ್ರ ಯೋಜನೆಯನ್ನು ಕೇಂದ್ರ ಸರ್ಕಾರ 2015ರಲ್ಲಿ ತಂದಿತು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳ ಚಾವಣಿ. ಆ ಪ್ಯಾನೆಲ್‌ಗಳನ್ನು ಕೂರಿಸುವುದಕ್ಕೂ, ಕೆಟ್ಟಾಗ ಬಂದು ನೋಡುವುದಕ್ಕೂ ಜನ ಬೇಕೇ ಬೇಕು.

ಇನ್ನು ಎಐ ಮಾತನ್ನು ಎಷ್ಟು ನಂಬಬೇಕು? ಡೇರಿಯಲ್ಲಿ ನಾವು ಫ್ಯಾಟ್ ಮಿಷನ್ ನಂಬುವಷ್ಟು. ಮಿಷನ್ ಹೇಳಿದ್ದನ್ನು ನಾವು ಸುಮ್ಮನೆ ಒಪ್ಪುತ್ತೇವೆಯೇ? ಚೀಟಿ ಇಸಕೊಂಡು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ನೋಡುತ್ತೇವೆ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಬಂದರೆ ಕಾರ್ಯದರ್ಶಿಯನ್ನು ಇನ್ನೊಂದು ಸಲ ನೋಡಿ ಅನ್ನುತ್ತೇವೆ. ಎಐ ಹತ್ತಿರವೂ ಹಾಗೇ ಚೀಟಿ ಕೇಳಬೇಕು. ಗೊತ್ತಿಲ್ಲದ್ದನ್ನೂ ಅದು ಗೊತ್ತಿರುವಂತೆಯೇ ಹೇಳಿಬಿಡುತ್ತದೆ. ಅದು ಹೇಳುವ ಸಂಬಳ ಯಾವುದೋ ದೊಡ್ಡ ಪಟ್ಟಣದ್ದಿರಬಹುದು. ಹೇಳುವ ಕೋರ್ಸು ಮದ್ದೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಇಲ್ಲದೇ ಇರಬಹುದು. ಅದನ್ನು ಐಟಿಐ ಕಚೇರಿಗೆ ಹೋಗಿಯೇ ವಿಚಾರಿಸಬೇಕು.

ಮಗಳ ಜೊತೆ ಕೂತು ನಾವು ಕೇಳಬೇಕಾದ್ದು ಇಷ್ಟು. ಸರ್ಟಿಫಿಕೇಟ್ ಸರ್ಕಾರ ಒಪ್ಪಿದ್ದೋ ಅಲ್ಲವೋ? ಒಟ್ಟು ಖರ್ಚು ಎಷ್ಟು? ಹಾಸ್ಟೆಲ್ ಇದೆಯೇ? ಹೋದ ವರ್ಷ ಕಲಿತವರು ಈಗ ಎಲ್ಲಿದ್ದಾರೆ? ಕೆಲಸ ಕಾಯಮ್ಮೋ ಗುತ್ತಿಗೆಯೋ? ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ? ಕೊನೆಯ ಪ್ರಶ್ನೆ ಅವ್ವನಿಗೇ ಹೊಳೆಯುವಂಥದ್ದು. ಕನ್ನಡಕವೂ ಎಲ್ಲವನ್ನೂ ತೋರಿಸುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ತಾರಸಿ ಎಷ್ಟು ಸುಡುತ್ತದೆ, ಮೇಸ್ತ್ರಿ ಎಂಥವನು ಎಂಬುದು ಅದರಲ್ಲಿ ಕಾಣದು. ಅದಕ್ಕೆ ಆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳನ್ನು ಕರೆಸಿ ಮಾತಾಡಿಸಬೇಕು.

ನಮ್ಮ ಒಕ್ಕೂಟಕ್ಕೆ ಒಂದು ಕೋರಿಕೆ. ಗೆಜ್ಜಲಗೆರೆಯಿಂದ ವಿಸ್ತರಣಾಧಿಕಾರಿಗಳು ಮೇವಿನ ವಿಚಾರ, ಕೆಚ್ಚಲು ಬಾವಿನ ವಿಚಾರ ಹೇಳಲು ಬರುತ್ತಾರೆ. ವರ್ಷಕ್ಕೊಂದು ಸಲ, ಫಲಿತಾಂಶದ ಹೊತ್ತಿಗೆ, ತಾಲ್ಲೂಕಿಗೆ ಒಂದೆರಡು ವಿಆರ್ ಕನ್ನಡಕ ಮತ್ತು ಐಟಿಐಯ ಒಬ್ಬ ಮೇಷ್ಟ್ರನ್ನೂ ಕರೆತರಲಿ. ಮಹಿಳಾ ಸಂಘಗಳಿಂದಲೇ ಶುರುವಾಗಲಿ. ಸಂಜೆ ಹಾಲು ಹಾಕಿದ ಮೇಲೆ ಒಂದು ಗಂಟೆ ಸಾಕು.

ನಮ್ಮ ಮಕ್ಕಳೆಲ್ಲ ಸೋಲಾರ್ ಕೆಲಸಕ್ಕೇ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಹಸು ಕಟ್ಟುವ ಮೊದಲು ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟುತ್ತೇವೆ, ಕರೆದು ನೋಡುತ್ತೇವೆ. ಮಗಳ ಬದುಕಿನ ವಿಚಾರದಲ್ಲಿ ಮಾತ್ರ ಯಾರೋ ಹೇಳಿದರೆಂದು ಹೂಂ ಅನ್ನುವುದಾಗಲಿ, ನೋಡದೇ ಬೇಡ ಅನ್ನುವುದಾಗಲಿ ತರವಲ್ಲ. ನಾನು ಮಗಳಿಗೆ ಹೇಳಿದ್ದೇನೆ, "ಮೊದಲು ಇಬ್ಬರೂ ಹೋಗಿ ನೋಡೋಣ, ಆಮೇಲೆ ಮಾತು." ಹಾಲು ಕರೆದಿಟ್ಟು ಸೋಮವಾರ ಮಂಡ್ಯದ ಬಸ್ಸು ಹತ್ತುತ್ತೇವೆ.