ಹಗಲು ಕಾರ್ಖಾನೆ, ರಾತ್ರಿ ಆಲ್ಬಮ್: ಎರಡನೇ ದುಡಿಮೆಗೆ ಕಾನೂನಿನ ನೆರಳು ಎಷ್ಟು?

ಮದುವೆ ಹಂಗಾಮು ಬಂತೆಂದರೆ ಹೊಸೂರಿನ ಕೆಲವು ಮನೆಗಳಲ್ಲಿ ರಾತ್ರಿ ಎರಡಾದರೂ ದೀಪ ಆರುವುದಿಲ್ಲ. ಬೆಳಗಿನ ಪಾಳಿ ಮುಗಿಸಿ ಬಂದ ಹುಡುಗ ಉಂಡು, ಒಂದು ನಿದ್ದೆ ತೆಗೆದು, ಕಂಪ್ಯೂಟರ್ ಮುಂದೆ ಕೂರುತ್ತಾನೆ. ಬೆಂಗಳೂರಿನ ಸ್ಟುಡಿಯೋದಿಂದ ಎರಡು ಸಾವಿರ ಫೋಟೋಗಳ ಹಾರ್ಡ್ ಡಿಸ್ಕ್ ಬಂದಿರುತ್ತದೆ. ಒಳ್ಳೆಯವನ್ನು ಆರಿಸಬೇಕು, ಬಣ್ಣ ಸರಿಪಡಿಸಬೇಕು, 12×36 ಅಂಗುಲದ ಶೀಟುಗಳಲ್ಲಿ ಜೋಡಿಸಿ ಕರಿಷ್ಮಾ ಆಲ್ಬಮ್ ಸಿದ್ಧ ಮಾಡಬೇಕು. ಸೋಲಾಪುರ, ಆದೋನಿ, ಕಾಸರಗೋಡಿನ ಸದಸ್ಯರಿಗೂ ಈ ಚಿತ್ರ ಹೊಸದಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ನಮ್ಮ ಸದಸ್ಯರೊಬ್ಬರಿಗೆ ಅವರು ದುಡಿಯುವ ಕಾರ್ಖಾನೆಯಿಂದ ಕಾರಣ ಕೇಳುವ ನೋಟಿಸು ಬಂತು. ತಪ್ಪು ಇಷ್ಟೇ: ‘ಆಲ್ಬಮ್ ಡಿಸೈನ್ ಮಾಡಿಕೊಡಲಾಗುವುದು’ ಎಂದು ಫೇಸ್‌ಬುಕ್ಕಿನಲ್ಲಿ ಹಾಕಿದ್ದರು. ನೋಟಿಸು ಹಿಡಿದು ಸಂಘದ ಕಚೇರಿಗೆ ಬಂದಾಗ ಅವರು ಕೇಳಿದ್ದು ಒಂದೇ ಮಾತು: “ಅಣ್ಣಾ, ನಾನು ಕಳ್ಳತನ ಮಾಡಿದೆನಾ?”

‘ಮೂನ್‌ಲೈಟಿಂಗ್’ ಎಂಬ ಪದ ಮನೆಮಾತಾದದ್ದು 2022ರಲ್ಲಿ. ಆ ವರ್ಷ ಆಗಸ್ಟಿನಲ್ಲಿ ವಿಪ್ರೋದ ರಿಷದ್ ಪ್ರೇಮ್‌ಜಿ ಇದನ್ನು ನೇರವಾಗಿ ಮೋಸ ಎಂದರು. ಮರುತಿಂಗಳು 300 ಮಂದಿಯನ್ನು ಕೆಲಸದಿಂದ ತೆಗೆದ ಸುದ್ದಿ ಬಂತು. ಅದೇ ವರ್ಷ ಸ್ವಿಗ್ಗಿ ತನ್ನ ನೌಕರರಿಗೆ ಷರತ್ತಿನ ಮೇಲೆ ಹೊರಗಿನ ಕೆಲಸಕ್ಕೆ ಅವಕಾಶ ಕೊಟ್ಟಿತು. ಮೊದಲು ಗದರಿದ್ದ ಇನ್ಫೋಸಿಸ್ ಕೂಡ ಮೇಲಧಿಕಾರಿಯ ಒಪ್ಪಿಗೆಯಿದ್ದರೆ ಸರಿ ಎಂಬಲ್ಲಿಗೆ ಬಂತು. ಆದರೆ ಅದು ಪ್ರತಿಸ್ಪರ್ಧಿ ಕಂಪನಿಗೆ ಕದ್ದು ದುಡಿಯುವ ಸಾಫ್ಟ್‌ವೇರ್ ನೌಕರರ ಜಗಳ. ಮೋಟಾರು ಬಿಡಿಭಾಗ ತಯಾರಿಸುವ ಕಾರ್ಖಾನೆಗೂ ಮದುವೆ ಆಲ್ಬಮ್ಮಿಗೂ ಎಲ್ಲಿಯ ಸ್ಪರ್ಧೆ? ಆ ಗದ್ದಲದ ಬಿಸಿ ಮಾತ್ರ ನಮ್ಮ ಹುಡುಗರಿಗೂ ತಟ್ಟಿತು.

ಕಾನೂನು ಏನನ್ನುತ್ತದೆ? 1948ರ ಕಾರ್ಖಾನೆ ಕಾಯ್ದೆಯ 60ನೇ ಕಲಮು ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ದುಡಿಸುವುದನ್ನು ತಡೆಯುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲೂ ಕಾರ್ಖಾನೆ, ಗಣಿಗಳ ಮಟ್ಟಿಗೆ ಈ ನಿರ್ಬಂಧ ಉಳಿದಿದೆ. ಮನೆಯ ಮೂಲೆಯ ಕಂಪ್ಯೂಟರ್ ಕಾರ್ಖಾನೆಯಲ್ಲ. ಆದ್ದರಿಂದ ನಮ್ಮ ಸದಸ್ಯರನ್ನು ಕಟ್ಟಿಹಾಕುವುದು ಕಾಯ್ದೆಗಿಂತ ಹೆಚ್ಚಾಗಿ ಅವರೇ ಸಹಿ ಹಾಕಿದ ನೇಮಕಾತಿ ಪತ್ರ. ‘ಬೇರೆ ಯಾವುದೇ ಉದ್ಯೋಗ, ವ್ಯಾಪಾರ ಮಾಡತಕ್ಕದ್ದಲ್ಲ’ ಎಂಬ ಸಾಲು ಹೆಚ್ಚಿನ ಪತ್ರಗಳಲ್ಲಿ ಇರುತ್ತದೆ. ಸಹಿ ಹಾಕುವ ದಿನ ಯಾರು ಓದುತ್ತಾರೆ? ಕೆಲಸದಲ್ಲಿರುವ ಅವಧಿಗೆ ಇಂಥ ಷರತ್ತು ಹಾಕಬಹುದು ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಸರ್ಕಾರಿ ನೌಕರರಿಗಂತೂ ನಡತೆ ನಿಯಮಗಳು ಇನ್ನೂ ಬಿಗಿ. ಕಾಸರಗೋಡಿನ ಕನ್ನಡ ಶಾಲೆಗಳ ಮೇಷ್ಟ್ರುಗಳು ಅನುಮತಿ ಪಡೆಯದೆ ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಹಾಗಾದರೆ ಹೊಸ ‘ಗಿಗ್’ ಕಾನೂನುಗಳು ಇವರ ಕೈಹಿಡಿಯುತ್ತವೆಯೇ? ಇಲ್ಲ. ಕರ್ನಾಟಕ 2025ರಲ್ಲಿ ಮಾಡಿದ ಕಾಯ್ದೆ ಆ್ಯಪ್, ವೇದಿಕೆಗಳ ಮೂಲಕ ದುಡಿಯುವವರಿಗಾಗಿ ಇರುವಂಥದ್ದು. ನಮ್ಮವರಿಗೆ ಕೆಲಸ ಬರುವುದು ವಾಟ್ಸ್‌ಆ್ಯಪ್ಪಿನಲ್ಲಿ, ಪರಿಚಯದ ಸ್ಟುಡಿಯೋದಿಂದ. ಅದರ ಮೇಲೆ ಹೊಸೂರು ತಮಿಳುನಾಡಿನಲ್ಲಿದೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿಯೂ ಪಿ.ಎಫ್., ಇ.ಎಸ್.ಐ. ಇದ್ದವರಿಗೆ ಸಿಗದು. ಹಗಲಿನ ಕೆಲಸ ಇರುವವರೆಗೆ ಇದು ದೊಡ್ಡ ಕೊರತೆ ಅನ್ನಿಸುವುದಿಲ್ಲ. ಆದರೆ ಇವರಲ್ಲಿ ಅನೇಕರು ಗುತ್ತಿಗೆ ನೌಕರರು. ಆಲ್ಬಮ್ ಕೆಲಸ ಅವರಿಗೆ ಕೈಖರ್ಚಿನ ದಾರಿ ಮಾತ್ರವಲ್ಲ, ಗುತ್ತಿಗೆ ಮುಗಿದ ದಿನಕ್ಕೆ ಇಟ್ಟುಕೊಂಡ ಆಸರೆ.

ಆ ಆಸರೆ ಎಷ್ಟು ಗಟ್ಟಿ? ಶೀಟಿಗೆ 60 ರೂಪಾಯಿ ಎಂದಿಟ್ಟುಕೊಳ್ಳಿ. 35 ಶೀಟಿಗೆ 2,100 ರೂಪಾಯಿ. ಹತ್ತು ಗಂಟೆಯಲ್ಲಿ ಮುಗಿದರೆ ಗಂಟೆಗೆ 210. ಆಮೇಲೆ ಹುಡುಗಿಯ ಕಡೆಯವರು “ನಮ್ಮ ಸೋದರಮಾವನೇ ಇಲ್ಲವಲ್ಲ” ಎನ್ನುತ್ತಾರೆ. ಎರಡು ಬಾರಿ ತಿದ್ದುವಷ್ಟರಲ್ಲಿ ಇನ್ನೂ ನಾಲ್ಕು ಗಂಟೆ ಹೋಗಿ ಗಂಟೆಗೆ 150ಕ್ಕೆ ಇಳಿಯಿತು. ತಿದ್ದುವಿಕೆಗೆ ಬೇರೆ ದರ ಎಂದು ಮೊದಲೇ ಹೇಳದವರು ಕಳೆದುಕೊಳ್ಳುವುದು ಇಲ್ಲೇ. ಮೇಲಿಂದ “ಪಾರ್ಟಿ ಕೊಟ್ಟಮೇಲೆ ಕೊಡ್ತೀನಿ” ಎಂಬ ಸ್ಟುಡಿಯೋದವರ ಮಾತು.

ಈ ಬಾಕಿಯ ವಿಷಯದಲ್ಲಿ ಗಡಿಯವರಿಗೆ ಗೊತ್ತಿರಬೇಕಾದ ಒಂದು ಅನುಕೂಲವಿದೆ. ಉದ್ಯಮ್ ನೋಂದಣಿ ಉಚಿತ. ನೋಂದಾಯಿಸಿದವರಿಗೆ 2006ರ ಎಂ.ಎಸ್.ಎಂ.ಇ. ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದೆ ಹಣ ಬರಬೇಕು. ಕೊಡದಿದ್ದರೆ ದೂರನ್ನು ಕೆಲಸ ಮಾಡಿದವರ ರಾಜ್ಯದ ಮಂಡಳಿಯೇ ಕೇಳುತ್ತದೆ, ಕೊಡಬೇಕಾದವರು ದೇಶದ ಎಲ್ಲೇ ಇರಲಿ. ಬೆಂಗಳೂರಿನ ಬಾಕಿಗೆ ಹೊಸೂರಿನವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಕೆಲಸ ಒಪ್ಪಿಸುವ ಮೊದಲೇ ನೋಂದಣಿ ಆಗಿರಬೇಕು, ಅಷ್ಟೇ. ಆದರೆ ತೊಡಕೂ ಇಲ್ಲೇ ಇದೆ: ನೋಂದಣಿಯೆಂದರೆ ‘ನಾನು ವ್ಯವಹಾರ ಮಾಡುತ್ತಿದ್ದೇನೆ’ ಎಂಬ ಸರ್ಕಾರಿ ದಾಖಲೆ. ಕಾರ್ಖಾನೆಗೆ ಹೇಳದೆ ಮಾಡುವವರು ಈ ರಕ್ಷಣೆಯನ್ನೂ ಬಿಟ್ಟುಕೊಡುತ್ತಾರೆ. ಗುಟ್ಟಿಗೆ ತೆರುವ ಬೆಲೆ ಇದು.

ರಾಜ್ಯ ದಾಟಿದ ಕೆಲಸಕ್ಕೆ ಜಿ.ಎಸ್.ಟಿ. ಕಡ್ಡಾಯ ಎಂಬ ಹೆದರಿಕೆ ಬೇಡ. ಸೇವೆಗಳಿಗೆ ವರ್ಷಕ್ಕೆ 20 ಲಕ್ಷದವರೆಗೆ ವಿನಾಯಿತಿ ಇದೆ. ಆದಾಯ ತೆರಿಗೆಯಲ್ಲಿ ಮಾತ್ರ ಸಂಬಳದವರ ಐ.ಟಿ.ಆರ್.-1 ಸಾಲದು, ವ್ಯವಹಾರದ ಆದಾಯ ತೋರಿಸುವ ನಮೂನೆಯನ್ನೇ ತುಂಬಬೇಕು.

ಇನ್ನು ಎ.ಐ. 2023ರಲ್ಲಿ ಫೋಟೋಶಾಪಿಗೆ ಜನರೇಟಿವ್ ಫಿಲ್ ಬಂದಾಗಲೇ ಹಿನ್ನೆಲೆ ಅಳಿಸುವ ಕೆಲಸ ಅಗ್ಗವಾಯಿತು. 2025ರಲ್ಲಿ ಜೆಮಿನಿಯ ‘ನ್ಯಾನೋ ಬನಾನಾ’ ಸೀರೆಯ ಚಿತ್ರಗಳು ಹರಿದಾಡಿದ ಮೇಲೆ “ಮೊಬೈಲಿನಲ್ಲೇ ಆಗುತ್ತಲ್ಲ” ಎಂದು ಚೌಕಾಸಿ ಮಾಡುವವರು ಹೆಚ್ಚಿದ್ದಾರೆ. ಬರೀ ಮುಖ ನುಣುಪು ಮಾಡಿ ಬದುಕುವ ಕಾಲ ಮುಗಿಯುತ್ತಿದೆ ಎಂದೇ ನನ್ನ ಅಂದಾಜು. ಉಳಿಯುವುದು ಸೋದರಮಾವ ಯಾರು, ಧಾರೆಯ ಯಾವ ಗಳಿಗೆಯನ್ನು ಬಿಡಬಾರದು ಎಂದು ಬಲ್ಲವರ ಕೆಲಸ. ಅಕ್ಷರದ ಕೆಲಸವೂ ಉಳಿದೀತು. ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಒಡೆಯುತ್ತಿದ್ದುದನ್ನೂ, ನುಡಿ, ಬರಹದ ಫಾಂಟುಗಳಲ್ಲಿ ಸರಿಪಡಿಸುತ್ತಿದ್ದುದನ್ನೂ ಈ ಕೆಲಸದವರು ಮರೆತಿಲ್ಲ. ಒಂದೇ ಆಲ್ಬಮ್ಮಿನಲ್ಲಿ ವರನ ಹೆಸರು ಕನ್ನಡದಲ್ಲಿ, ವಧುವಿನದು ತಮಿಳಿನಲ್ಲಿ ತಪ್ಪಿಲ್ಲದೆ ಕೂರಿಸಬಲ್ಲವರು ಗಡಿಯಲ್ಲೇ ಹೆಚ್ಚು. ಅದಕ್ಕೆ ಬೇರೆ ದರ ಕೇಳಲು ಸಂಕೋಚ ಬೇಡ.

ನೋಟಿಸಿಗೆ ಉತ್ತರವನ್ನು ನಾವೇ ಕೂತು ಬರೆದುಕೊಟ್ಟೆವು. ಪಾಳಿಯ ಹೊತ್ತಿನಲ್ಲಿ ಮಾಡಿಲ್ಲ, ಕಂಪನಿಯ ಕಂಪ್ಯೂಟರ್ ಮುಟ್ಟಿಲ್ಲ, ಕಂಪನಿಯ ವ್ಯವಹಾರಕ್ಕೆ ಸಂಬಂಧವಿಲ್ಲ, ಮುಂದುವರಿಸಲು ಲಿಖಿತ ಅನುಮತಿ ಬೇಕು. ಮೊದಲ ಎರಡು ಮಾತು ನಿಜವಾಗಿದ್ದರಿಂದ ಬರೆಯುವುದು ಸುಲಭವಾಯಿತು. ಫೇಸ್‌ಬುಕ್ಕಿನ ಜಾಹೀರಾತನ್ನು ಸದ್ಯಕ್ಕೆ ತೆಗೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಎರಡು ಮದುವೆ ಬಾಕಿ ಇವೆ. ಅವನ್ನು ಮುಗಿಸುವುದೋ ವಾಪಸು ಕಳಿಸುವುದೋ ಎಂದು ಮೊನ್ನೆಯೂ ಫೋನು ಮಾಡಿ ಕೇಳಿದರು.